ಹೊಳಿ ಆಚಿ ದಂಡಿಗೆ ದೀಪದ ಸುದ್ದಿ

(ಸಂಘದ ಬೆಳ್ಳಿಹಬ್ಬದ ನಿಮಿತ್ತ ನಡೆದ ರೈತ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಕಲಿತದ್ದು ಎಸ್.ಎಸ್.ಎಲ್.ಸಿ. ತನಕ. ಮಾಡುವದು ಒಕ್ಕಲುತನ. ನನಗಿಂತ ಮುಂಚೆ ಮಾತಾಡಿದವರು ಸಾಲ ವಸೂಲಿ, ಬೀಜ, ಗೊಬ್ಬರ, ತೊಗರಿಯ ಧಾರಣಿ ಇವುಗಳ ಬಗ್ಗೆ ಬರೋಬ್ಬರಿ ಹೇಳಿದ್ದಾರೆ. ಅವರು ಹೇಳಿದ್ದನ್ನೇ ನಾನು ಮತ್ತೊಮ್ಮೆ ಹೇಳಿದರೆ ನಿಮ್ಮ ವ್ಯಾಳ್ಯಾ ಹಾಳು. ಅದಕ್ಕೇ ನಾನು ಬ್ಯಾರೆ ವಿಷಯ ತಗೊಂಡೀನಿ. ಫೋನು ಬಂದಾಗಿ, ಕರೆಂಟು ಹೋಗಿ, ದಾರಿ ಕಟ್ಟಾದಾಗ, ಮನಿಯಾಗಿನ ದೀಪ, ಬ್ಯಾಟ್ರಿ, ಕನ್ನಡಿ ಇಷ್ಟರಿಂದಲೇ ಎರಡು ಮೂರು ಹರದಾರಿ ದೂರಕ್ಕೆ ಸುದ್ದಿ ಹ್ಯಾಂಗ ಕಳಿಸಬೇಕು ಎಂಬುದೇ ಆ ವಿಷಯ. ಕೆಲವರಿಗೆ ಇದು ಹುಡುಗರ ಆಟ ಅನಿಸಬಹುದು. ಪೂರ್ತಿ ಕೇಳಿದ ಮೇಲೆ ನೀವೇ ತೀರ್ಮಾನ ಮಾಡ್ರಿ.

ನಾವೆಲ್ಲರೂ ಒಂದೇ ನೀರಿನವರು. ಅಫಜಲಪುರ ಮತ್ತು ಜೇವರ್ಗಿ ತಾಲೂಕಿನವರಿಗೆ ಭೀಮಾ ಹೊಳಿ ಮನಿಯ ಅಂಗಳ ಇದ್ದಂಗ. ಆಳಂದ ತಾಲೂಕಿನಲ್ಲಿ ಹರಿಯುವ ಅಮರ್ಜಾ ಗಾಣಗಾಪುರದಲ್ಲಿ ಬಂದು ಇದೇ ಭೀಮೆಯನ್ನು ಕೂಡುತ್ತದೆ. ಭೀಮಾ ನದಿ ಹುಟ್ಟುವದು ಮಹಾರಾಷ್ಟ್ರದ ಸಹ್ಯಾದ್ರಿಯ ಭೀಮಾಶಂಕರದಲ್ಲಿ. ಅಲ್ಲಿ ಮಳಿ ಜೋರಾಗಿ ಉಜನಿ ಆಣೆಕಟ್ಟು ತುಂಬಿ ನೀರು ಬಿಟ್ಟರೆ, ಸೀನಾ ಹೊಳಿಯೂ ಅದಕ್ಕೆ ಕೂಡಿದರೆ, ನಮ್ಮೂರಲ್ಲಿ ಒಂದು ಹನಿ ಮಳಿ ಇಲ್ಲದಿದ್ದರೂ ಸೊನ್ನ ಬ್ಯಾರೇಜಿನ ಕೆಳಗಿನ ಊರುಗಳಿಗೆ ನೀರು ಹೊಗುತ್ತದೆ. ಒಮ್ಮೊಮ್ಮೆ ಮಳಿ ಮತ್ತು ಮ್ಯಾಲಿನ ನೀರು ಎರಡೂ ಕೂಡಿ ಬರುತ್ತವೆ. 2020ರ ಅಕ್ಟೋಬರ್ ತಿಂಗಳಿನ ಮಹಾಪೂರವನ್ನು ನಾನು ನಿಮಗೆ ನೆನಪು ಮಾಡಿಕೊಡಬೇಕಾಗಿಲ್ಲ. ನಿಂತ ಬೆಳಿ ಹೋಯಿತು, ದನಕರು ಹೋದವು, ಮನಿ ಬಿದ್ದವು. ಎಷ್ಟೋ ಊರುಗಳ ಜನ ಉಟ್ಟ ಬಟ್ಟಿ ಮ್ಯಾಲೆ ಎತ್ತರದ ಜಾಗಕ್ಕೆ ಬಂದು ಕೂತರು.

ಅಂಥ ವ್ಯಾಳ್ಯಾದಾಗ ಫೋನು ಯಾಕೆ ಕೈಕೊಡುತ್ತದೆ ಅಂದರೆ, ಫೋನು ಒಂದೇ ಕೆಲಸ ಮಾಡುವದಿಲ್ಲ. ಅದರ ಹಿಂದೆ ಟಾವರ್ ಇರಬೇಕು. ಟಾವರಿಗೆ ಕರೆಂಟ್ ಬೇಕು. ಕರೆಂಟ್ ಹೋದರೆ ಅಲ್ಲಿನ ಬ್ಯಾಟರಿ ಕೆಲವು ತಾಸು ನಡೆಸುತ್ತದೆ. ಆಮೇಲೆ ಜನರೇಟರಿಗೆ ಡೀಸೆಲ್ ಬೇಕು. ನೀರು ಸುತ್ತಲೂ ನಿಂತಾಗ ಡೀಸೆಲ್ ಒಯ್ಯುವವರು ಯಾರು? ಇನ್ನು ನಮ್ಮ ಕೈಯೊಳಗಿನ ಫೋನಿಗೆ ಚಾರ್ಜ್ ಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಮಾತು ನಿಂತಿತು. ಕೂಗಿ ಹೇಳೋಣ ಅಂದರೆ ತುಂಬಿದ ಹೊಳಿಯ ಸಪ್ಪಳದಾಗ ಮನುಷ್ಯನ ಧ್ವನಿ ಅರ್ಧ ಹೊಳಿಯನ್ನೂ ದಾಟುವದಿಲ್ಲ.

ಆ ಮಹಾಪೂರದಾಗ ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಎರಡು ರಾತ್ರಿ ಮಾಳಗಿ ಮ್ಯಾಲೇ ಕೂತಿದ್ದಳು. ಆಕಿಯ ತವರುಮನಿ ಹೊಳಿ ಆಚಿ ದಂಡಿಗೆ, ವಿಜಯಪುರ ಜಿಲ್ಲೆಯೊಳಗ. ಕತ್ತಲಾದ ಮ್ಯಾಲೆ ಆಚಿ ದಂಡಿಗೆ ಒಂದು ಬೆಳಕು ಕಾಣಿಸಿತು. ಯಾರೋ ಬ್ಯಾಟ್ರಿ ಬೀಸುತ್ತಿದ್ದರು. ಆಕಿ ನಮ್ಮನ್ನೆಲ್ಲ ಕರೆದು, “ಕಾಕಾ, ಅದು ನಮ್ಮ ಊರವರೇ. ಚೆಂದ ಇದ್ದೀವಿ ಅಂತಾರೋ, ಉಳಿಸ್ರಿ ಅಂತಾರೋ, ಹೇಳ್ರಿ” ಅಂತ ಕೇಳಿದಳು. ಅಲ್ಲಿ ನಿಂತ ಹತ್ತು ಮಂದಿಯಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಬೆಳಕು ಕಾಣುತ್ತಿತ್ತು, ಸುದ್ದಿ ಕಾಣುತ್ತಿರಲಿಲ್ಲ. ಆಮೇಲೆ ಎಲ್ಲರೂ ಕ್ಷೇಮ ಎಂದು ತಿಳಿಯಿತು. ಆದರೆ ಆ ಎರಡು ರಾತ್ರಿಯ ಸಂಕಟ ಆಕಿಗೇ ಗೊತ್ತು.

ಇವತ್ತಿನ ನನ್ನ ಮಾತಿನ ತಿರುಳು ಇದರಲ್ಲೇ ಅದ. ದೀಪಕ್ಕೆ ಬಾಯಿ ಇಲ್ಲ. ಈಚಿಯವರು ಆಚಿಯವರು ಮೊದಲೇ ಕೂತು ಮಾಡಿಕೊಂಡ ಕರಾರು ಇದ್ದರೆ ಮಾತ್ರ ದೀಪ ಮಾತಾಡುತ್ತದೆ. ಎಂಥಾ ದೊಡ್ಡ ಬೆಳಕು ಇದ್ದರೂ ಕರಾರು ಇಲ್ಲದಿದ್ದರೆ ಅದು ಬರೀ ಉರಿ.

ಬೆಳಕಿನ ಸುದ್ದಿ ನಮ್ಮ ಸೀಮೆಗೆ ಹೊಸದೇನಲ್ಲ. ನಮ್ಮ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಹಳೇ ಹುಡೆಗಳು ಇನ್ನೂ ನಿಂತಿವೆ. ಕೆಲವು ಕಲ್ಲಿನವು, ಕೆಲವು ಮಣ್ಣಿನವು. ಅವನ್ನು ಕಟ್ಟಿದ್ದು ಶೋಭೆಗಲ್ಲ, ಮೇಲಿಂದ ದೂರ ನೋಡಲಿಕ್ಕೆ. ದಂಡು ಬಂತೋ, ಕಳ್ಳರು ಬಂದರೋ ಎಂದು ಕಾವಲುಗಾರ ಮೊದಲು ನೋಡಬೇಕು, ಊರಿಗೆ ತಿಳಿಸಬೇಕು. ವಿಜಯಪುರದ ಉಪ್ಪಲಿ ಬುರುಜನ್ನು ನೀವು ನೋಡಿರಬಹುದು. ಸುಮಾರು 80 ಅಡಿ ಎತ್ತರ. ಅದರ ನೆತ್ತಿಯ ಮೇಲೆ ನಿಂತರೆ ಸುತ್ತಲಿನ ಬಯಲು ಅಂಗೈ ಮೇಲೆ ಇಟ್ಟಂಗ ಕಾಣುತ್ತದೆ.

ಈ ಎತ್ತರ ಯಾಕೆ ಬೇಕು ಅಂದರೆ ಭೂಮಿ ದುಂಡಗಿದೆ. ನಮ್ಮ ಕರಿಮಣ್ಣಿನ ಬಯಲು ಸಪಾಟು ಕಂಡರೂ ದೂರ ಹೋದಂತೆ ನೆಲ ಕೆಳಗೆ ಇಳಿಯುತ್ತ ಹೋಗುತ್ತದೆ. ಇದಕ್ಕೊಂದು ಸಾದಾ ಲೆಕ್ಕ ಅದ. ಕಣ್ಣು ನೆಲದಿಂದ ಎಷ್ಟು ಮೀಟರ್ ಎತ್ತರ ಇದೆಯೋ ಅದರ ವರ್ಗಮೂಲ ತೆಗೆದು ಮೂರೂವರೆಯಿಂದ ಗುಣಿಸಿದರೆ, ಅಷ್ಟು ಕಿಲೋಮೀಟರ್ ತನಕ ನೆಲ ಕಾಣುತ್ತದೆ. ನೆಲದ ಮೇಲೆ ನಿಂತ ಮನುಷ್ಯನಿಗೆ ಸುಮಾರು 4 ಕಿಲೋಮೀಟರ್. 6 ಮೀಟರ್ ಎತ್ತರದ ಗೋದಾಮಿನ ಮಾಳಗಿಯಿಂದ ಸುಮಾರು ಎಂಟೂವರೆ ಕಿಲೋಮೀಟರ್. 12 ಮೀಟರಿನ ಹುಡೆಯಿಂದ ಸುಮಾರು 12 ಕಿಲೋಮೀಟರ್. ಎರಡೂ ಕಡೆಯವರು ಎತ್ತರದ ಮೇಲೆ ನಿಂತರೆ ಎರಡೂ ಲೆಕ್ಕ ಕೂಡುತ್ತದೆ. ಹುಡೆಯ ಮೇಲಿನವನಿಗೂ ಗೋದಾಮಿನ ಮಾಳಗಿ ಮೇಲಿನವನಿಗೂ ನಡುವೆ 20 ಕಿಲೋಮೀಟರ್ ಇದ್ದರೂ ಲೆಕ್ಕದ ಪ್ರಕಾರ ಒಬ್ಬರ ದೀಪ ಒಬ್ಬರಿಗೆ ಕಾಣಬೇಕು. ನಡುವೆ ಜಾಲಿ ಗಿಡ, ಕಬ್ಬಿನ ಫಡ, ದಿಬ್ಬ ಅಡ್ಡ ಬರಬಾರದು ಅಷ್ಟೇ.

ಈಗ ನಿಮಗೆ ಒಂದು ಚಲೋ ಇತಿಹಾಸ ಹೇಳ್ತೀನಿ. ಎವರೆಸ್ಟ್ ಪರ್ವತದ ಹೆಸರು ಶಾಲೆಯ ಹುಡುಗರಿಗೂ ಗೊತ್ತು. ಆ ಹೆಸರಿನ ಮನುಷ್ಯ ಜಾರ್ಜ್ ಎವರೆಸ್ಟ್ ನಮ್ಮ ಈ ಸೀಮೆಯ ಸುತ್ತಮುತ್ತ ಕೆಲಸ ಮಾಡಿದವನು ಎಂಬುದು ಎಷ್ಟು ಮಂದಿಗೆ ಗೊತ್ತು? ಇಂಗ್ಲಿಷರು ಇಡೀ ಹಿಂದೂಸ್ತಾನವನ್ನು ಅಳೆಯುವ ಕೆಲಸವನ್ನು 1802ರಲ್ಲಿ ಮದ್ರಾಸಿನಿಂದ ಆರಂಭಿಸಿದರು. ಅದರ ಮುಖ್ಯಸ್ಥ ವಿಲಿಯಂ ಲ್ಯಾಂಬ್ಟನ್. ಮೊದಲು ನೆಲದ ಮೇಲೆ ಕೆಲವು ಮೈಲಿನ ಒಂದೇ ಗೆರೆಯನ್ನು ಸರಪಳಿಯಿಂದ ಬಹಳ ಜೋಪಾನವಾಗಿ ಅಳೆಯುವದು. ಆಮೇಲೆ ಗುಡ್ಡದಿಂದ ಗುಡ್ಡಕ್ಕೆ ನೋಡಿ ಕೋನ ಅಳೆದು, ಉಳಿದ ದೂರವನ್ನೆಲ್ಲ ತ್ರಿಕೋನದ ಲೆಕ್ಕದಿಂದ ತೆಗೆಯುವದು. ಅಂಥ ಒಂದು ಗೆರೆಯನ್ನು ನಮ್ಮ ಮಗ್ಗಲಿನ ಬೀದರದ ಹತ್ತಿರ 1815ರಲ್ಲಿ ಅಳೆದರು. 1822ರಲ್ಲಿ ಎವರೆಸ್ಟ್ ಅದೇ ಬೀದರದ ಕಡೆಯಿಂದ ಪಶ್ಚಿಮಕ್ಕೆ, ಮುಂಬಯಿ ದಿಕ್ಕಿಗೆ ತ್ರಿಕೋನಗಳ ಸಾಲನ್ನು ಹಿಡಿದು ಹೊರಟನು. ಆ ದಾರಿ ನಮ್ಮ ಆಳಂದಕ್ಕೆ ಬಹಳ ದೂರದ್ದಲ್ಲ. 1823ರ ಜನವರಿಯಲ್ಲಿ ಲ್ಯಾಂಬ್ಟನ್ ತೀರಿಕೊಂಡ ಮೇಲೆ ಇಡೀ ಕೆಲಸದ ಹೊಣೆ ಎವರೆಸ್ಟನ ಮೇಲೆ ಬಂತು.

ಕೋನ ಅಳೆಯಬೇಕಾದರೆ ಇಪ್ಪತ್ತು ಮೂವತ್ತು ಮೈಲು ದೂರದ ಗುಡ್ಡದ ನೆತ್ತಿಯ ಮೇಲೆ ಒಂದು ಗುರುತು ಸ್ವಚ್ಛ ಕಾಣಬೇಕು. ನಿಶಾನಿ ಹಚ್ಚಿ ನೋಡಿದರು. ಬಿಸಿಲಿನ ಝಳದಾಗ ದೂರದ ವಸ್ತು ಹ್ಯಾಂಗ ಕುಣಿಯುತ್ತದೆ ಎಂಬುದು ಬಿಸಿಲುಗುದುರೆ ನೋಡಿದ ನಮಗೆಲ್ಲ ಗೊತ್ತೇ ಅದ. ಅದಕ್ಕೇ ಎವರೆಸ್ಟ್ ರಾತ್ರಿ ದೀಪದಿಂದ ನೋಡುವ ಪದ್ಧತಿಗೆ ಒತ್ತು ಕೊಟ್ಟನು. ರಾತ್ರಿ ನೆಲದ ಹತ್ತಿರದ ಗಾಳಿ ತಂಪಾದಾಗ ಬೆಳಕಿನ ದಾರಿ ಸ್ವಲ್ಪ ಕೆಳಕ್ಕೆ ಬಾಗುತ್ತದೆ. ಹೀಗಾಗಿ ಹಗಲು ಅಡ್ಡಾದ ಗುರುತು ಕೆಲವೊಮ್ಮೆ ರಾತ್ರಿ ಮೇಲೆದ್ದು ಕಾಣುತ್ತದೆ.

ಆ ಸರ್ವೆಯವರು ಬಳಸಿದ ದೀಪಗಳಲ್ಲಿ ಒಂದರ ವಿವರ ಕೇಳಿದರೆ ನಿಮಗೆ ಸೋಜಿಗವಾದೀತು. ಅದು ವಿಲಾಯತಿಯಿಂದ ಬಂದದ್ದಲ್ಲ. ಆರು ಇಂಚು ಅಗಲದ ಒಂದು ಮಣ್ಣಿನ ಬಟ್ಟಲು. ಅದರ ತುಂಬ ಎಣ್ಣೆ ಮತ್ತು ರಾಳದಲ್ಲಿ ನೆನೆಸಿದ ಹತ್ತಿಕಾಳು. ಅದರ ಮೇಲೆ ಬೋರಲು ಹಾಕಿದ ದೊಡ್ಡ ಗಡಿಗಿ. ಗಡಿಗಿಯ ಒಂದು ಮಗ್ಗಲಿಗೆ ತೂತು ಕೊರೆದು, ಆ ತೂತನ್ನು ನೋಡುವವನ ದಿಕ್ಕಿಗೆ ತಿರುಗಿಸಿ ಇಡುವದು. ಗಾಳಿಗೆ ಆರುವದಿಲ್ಲ, ಬೆಳಕು ಬ್ಯಾರೆ ಕಡೆ ಹರಿದು ಹೋಗುವದಿಲ್ಲ. ಹತ್ತಿಕಾಳು, ಎಣ್ಣೆ, ರಾಳ, ಕುಂಬಾರರ ಗಡಿಗಿ ಇಷ್ಟೇ ಸಾಮಾನು. ಜಗತ್ತಿನಲ್ಲೇ ಹೆಸರಾದ ಆ ಅಳತೆಯ ಹಿಂದೆ ನಮ್ಮ ಸಂತಿಯಲ್ಲಿ ಸಿಗುವ ಸಾಮಾನು ಇತ್ತು. ಆ ದೀಪಗಳನ್ನು ಹೊತ್ತು ಗುಡ್ಡ ಏರಿ, ಚಳಿ ಮಳಿಯಲ್ಲಿ ರಾತ್ರಿಯಿಡೀ ಕಾಯ್ದ ಕೂಲಿ ಜನ ಈ ದೇಶದವರು. ಪರ್ವತಕ್ಕೆ ಒಬ್ಬರ ಹೆಸರು ಬಂತು. ದೀಪ ಕಾಯ್ದವರ ಹೆಸರು ನಮಗೆ ಉಳಿದಿಲ್ಲ.

ಹಗಲಿಗೆ ಬೇರೆ ಉಪಾಯ ಬಂತು. 1821ರಲ್ಲಿ ಜರ್ಮನಿಯ ಗಣಿತ ಪಂಡಿತ ಗೌಸ್ ಎಂಬಾತನು ಸೂರ್ಯನ ಬೆಳಕನ್ನು ಕನ್ನಡಿಯಿಂದ ದೂರಕ್ಕೆ ಕಳಿಸುವ ಯಂತ್ರ ಮಾಡಿದನು. ಎವರೆಸ್ಟ್ 1830ರಲ್ಲಿ ವಿಲಾಯತಿಯಿಂದ ಮರಳಿ ಬಂದ ಮೇಲೆ ಸರ್ವೆಯಲ್ಲಿ ಹಗಲು ಕನ್ನಡಿ, ರಾತ್ರಿ ದೀಪ ಎಂಬ ಪದ್ಧತಿ ನೆಲೆಯೂರಿತು. ಆಮೇಲೆ ಕರಾಚಿ ಕಡೆ ತಂತಿ ಇಲಾಖೆಯಲ್ಲಿದ್ದ ಹೆನ್ರಿ ಮ್ಯಾನ್ಸ್ 1869ರ ಸುಮಾರಿಗೆ ಕನ್ನಡಿಯನ್ನು ಬೆರಳಿನಿಂದ ಒತ್ತಿ ಮಿಣುಕು ಮಿಣುಕಾಗಿ ತಂತಿಯ ಅಕ್ಷರಗಳನ್ನೇ ಕಳಿಸುವ ಹೀಲಿಯೋಗ್ರಾಫ್ ಕಂಡುಹಿಡಿದನು. ಎಷ್ಟೋ ದೇಶಗಳ ಸೈನ್ಯದವರು ಅದನ್ನು ಬಳಸಿದರು. 1894ರಲ್ಲಿ ಅಮೇರಿಕದ ಸೈನ್ಯದವರು ಬರೇ 8 ಇಂಚಿನ ಕನ್ನಡಿಯಿಂದ ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ 183 ಮೈಲು ದೂರ ಸುದ್ದಿ ಮುಟ್ಟಿಸಿದರು. ಅಂದರೆ ಕಲಬುರಗಿಯಿಂದ ಹೈದರಾಬಾದಿಗಿಂತ ಹೆಚ್ಚಿನ ದೂರ. ತಂತಿಯನ್ನೇ ನಂಬಿದ್ದ ಕಾಲವೂ ಹೋಯಿತು. ನಮ್ಮ ದೇಶದ ತಾರು ಸೇವೆ 2013ರ ಜುಲೈದಲ್ಲಿ ಬಂದಾಯಿತು. ಸೂರ್ಯನ ಬೆಳಕಿಗೆ ಮಾತ್ರ ಯಾರೂ ಬಂದ್ ಹಾಕಿಲ್ಲ.

ಸಣ್ಣ ಕನ್ನಡಿಗೆ ಇಷ್ಟು ಶಕ್ತಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಕನ್ನಡಿ ತನ್ನ ಬೆಳಕು ಕೊಡುವದಿಲ್ಲ, ಸೂರ್ಯನದನ್ನೇ ತಿರುಗಿಸುತ್ತದೆ. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ. ಆದ್ದರಿಂದ ಕನ್ನಡಿಯಿಂದ ಹೊರಟ ಬೆಳಕೂ ಅಷ್ಟೇ ಹಿಗ್ಗುತ್ತದೆ. ಒಂದು ಕಿಲೋಮೀಟರ್ ದೂರದಲ್ಲಿ ಆ ಬೆಳಕಿನ ಗುಂಡು ಸುಮಾರು 9 ಮೀಟರ್ ಅಗಲ ಆಗಿರುತ್ತದೆ. 10 ಕಿಲೋಮೀಟರ್ ದೂರದಲ್ಲಿ ಸುಮಾರು 90 ಮೀಟರ್. ಆ ಗುಂಡಿನ ಒಳಗೆ ನಿಂತವನಿಗೆ ಕಣ್ಣು ಕುಕ್ಕುವಂಗ ಕಾಣುತ್ತದೆ, ಹೊರಗೆ ನಿಂತವನಿಗೆ ಏನೂ ಕಾಣುವದಿಲ್ಲ. ಹೀಗಾಗಿ ಗುರಿ ಹಿಡಿಯುವದೇ ಮುಖ್ಯ ವಿದ್ಯೆ.

ಗುರಿ ಹಿಡಿಯುವದು ಹೀಗೆ. ಕನ್ನಡಿಯನ್ನು ಕಣ್ಣಿನ ಮಗ್ಗಲಿಗೆ ಹಿಡಿಯಬೇಕು. ಇನ್ನೊಂದು ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ ಎರಡು ಬೆರಳು ಅಗಲಿಸಬೇಕು. ಸುದ್ದಿ ಮುಟ್ಟಿಸಬೇಕಾದ ಜಾಗ ಆ ಎರಡು ಬೆರಳುಗಳ ನಡುವೆ ಕಾಣುವಂಗ ನೋಡಬೇಕು. ಈಗ ಕನ್ನಡಿಯ ಬೆಳಕು ಆ ಬೆರಳುಗಳ ಮೇಲೆ ಬೀಳುವ ತನಕ ಕನ್ನಡಿಯನ್ನು ಸಾವಕಾಶ ಹೊರಳಿಸಬೇಕು. ಬೆರಳು ಬೆಳಗಿದರೆ ಗುರಿ ಕೂಡಿತು ಎಂದು ಅರ್ಥ. ಕನ್ನಡಿಗೆ ಟೋಪಿ ಅಡ್ಡ ಹಿಡಿದು ತೆಗೆದರೆ ಒಂದು ಮಿಣುಕು ಆಯಿತು. ಸೂರ್ಯ ಬೆನ್ನ ಹಿಂದೆ ಇದ್ದರೆ ಇನ್ನೊಬ್ಬರು ಎದುರಿಗೆ ಎರಡನೇ ಕನ್ನಡಿ ಹಿಡಿದು ಬೆಳಕನ್ನು ನಮ್ಮ ಕನ್ನಡಿಗೆ ತಿರುಗಿಸಿ ಕೊಡಬೇಕು. ಮ್ಯಾಲಿನ ನೀರಿನಿಂದ ಮಹಾಪೂರ ಬಂದಾಗ ಎಷ್ಟೋ ಸಲ ನಮ್ಮಲ್ಲಿ ಬಿಸಿಲೇ ಇರುತ್ತದೆ ಎಂದು ಆಗಲೇ ಹೇಳಿದೆ. ಅಂಥ ದಿವಸ ಕನ್ನಡಿಯಷ್ಟು ಸೋವಿ ಸಾಧನ ಬ್ಯಾರೆ ಇಲ್ಲ. ಸೆಲ್ ಬೇಡ, ಎಣ್ಣೆ ಬೇಡ.

ಕೇಳಿದ್ದನ್ನು ಮಾಡಿ ನೋಡಬೇಕೆಂದು ನಾನು, ನಮ್ಮ ಅಣ್ಣನ ಮಗ, ಓಣಿಯ ನಾಲ್ಕು ಹುಡುಗರು ಸೇರಿ ಹೊಲದಾಗ ಪರೀಕ್ಷೆ ಮಾಡಿದೆವು. ಕ್ಷೌರದ ಕನ್ನಡಿಯನ್ನು ಮೂರು ಕಿಲೋಮೀಟರ್ ದೂರದ ದಿಬ್ಬದಿಂದ ತೋರಿಸಿದಾಗ ಮಧ್ಯಾಹ್ನದ ಬಿಸಿಲಿನಾಗೂ ಬರಿಗಣ್ಣಿಗೆ ಮಿಂಚಿದಂಗ ಕಂಡಿತು. ರಾತ್ರಿ ಸಾದಾ ಎಲ್.ಇ.ಡಿ. ಬ್ಯಾಟ್ರಿ ಅದೇ ದೂರಕ್ಕೆ ನಕ್ಷತ್ರದಂಗ ಕಂಡಿತು. ಹುಡುಗರು ಹಟ ಹಿಡಿದು ಎವರೆಸ್ಟನ ಗಡಿಗಿ ದೀಪವನ್ನೂ ಮಾಡಿದರು. ಹತ್ತಿಕಾಳು ಎಣ್ಣೆಯಲ್ಲಿ ನೆನೆಸಿ, ಸಂತಿಯಿಂದ ರಾಳ ತಂದು, ಒಡಕು ಗಡಿಗಿಗೆ ತೂತು ದೊಡ್ಡದು ಮಾಡಿ ಹಚ್ಚಿದರು. ಹೊಗಿ ಬಾಳ, ಕಣ್ಣು ಉರಿಯಿತು. ಆದರೆ ಎರಡು ಕಿಲೋಮೀಟರಿಗೆ ಕೆಂಪಾಗಿ ಕಂಡಿತು, ಗಾಳಿಗೆ ಆರಲಿಲ್ಲ. ಎದುರಿಗೆ ಮೊರ ಅಡ್ಡ ಹಿಡಿದು ತೆಗೆದು ಎಣಿಕೆಯನ್ನೂ ಮಾಡಿದರು. ಮಳಿ ದಪ್ಪಗೆ ಬರುವಾಗ ಮತ್ತು ಮಂಜು ಇಳಿದಾಗ ಯಾವ ಬೆಳಕೂ ದೂರ ಹೋಗುವದಿಲ್ಲ ಎಂಬುದನ್ನೂ ನೋಡಿದೆವು. ಅಂಥ ಹೊತ್ತಿನಾಗ ಮಳಿ ತೆರಪು ಕೊಡುವ ತನಕ ಕಾಯಬೇಕು.

ಇನ್ನು ಕರಾರಿನ ಮಾತು. ತಂತಿ ಕಚೇರಿಯವರ ಹಂಗ ಅಕ್ಷರಕ್ಕೊಂದು ಗುರುತು ಕಲಿಯುವದು ನಮಗೆಲ್ಲ ಆಗುವ ಕೆಲಸ ಅಲ್ಲ. ಸಾಲಿ ಕಲಿಯದ ಮುದುಕಿಗೂ ಎಣಿಸಲಿಕ್ಕೆ ಬರುತ್ತದೆ. ಆದ್ದರಿಂದ ಎಣಿಕೆಯ ಕರಾರೇ ನಮಗೆ ಚಲೋ. ಜಗತ್ತಿನ ಗುಡ್ಡಗಾಡು ಪ್ರದೇಶಗಳಲ್ಲಿ ಸುಮಾರು 1894ರಿಂದ ಒಂದು ಪದ್ಧತಿ ನಡೆದು ಬಂದಿದೆ. ಒಂದು ನಿಮಿಷದಲ್ಲಿ ಆರು ಸಲ ಬೆಳಕು ತೋರಿಸಿ ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ ತೋರಿಸಿದರೆ, ಜೀವಕ್ಕೆ ಅಪಾಯ ಇದೆ ಎಂದು ಅರ್ಥ. ನಿಮಿಷಕ್ಕೆ ಮೂರು ಸಲ ತೋರಿಸಿದರೆ, ನೋಡಿದೆವು ಎಂದು ಉತ್ತರ. ಆ ಆರು ಮತ್ತು ಮೂರನ್ನು ಹಂಗೇ ಇಟ್ಟುಕೊಂಡು ಉಳಿದದ್ದನ್ನು ನಮ್ಮ ಅನುಕೂಲಕ್ಕೆ ಹೀಗೆ ಗೊತ್ತು ಮಾಡಬಹುದು:

ಒಂದು ಸಲ — ಯಾರಾದರೂ ನೋಡುತ್ತಿದ್ದೀರಾ?
ಎರಡು ಸಲ — ನಾವೆಲ್ಲ ಕ್ಷೇಮ.
ಮೂರು ಸಲ — ನಿಮ್ಮ ಸುದ್ದಿ ಮುಟ್ಟಿತು.
ನಾಲ್ಕು ಸಲ — ಊಟ, ಕುಡಿಯುವ ನೀರು, ಔಷಧ ಬೇಕು.
ಐದು ಸಲ — ರೋಗಿ ಅಥವಾ ಬಸುರಿ ಇದ್ದಾರೆ, ದೋಣಿ ಬೇಕು.
ಆರು ಸಲ — ನೀರು ಏರುತ್ತಿದೆ, ಜೀವಕ್ಕೆ ಅಪಾಯ.

ಬೆಳಕನ್ನು ಗಡಿಬಿಡಿಯಿಂದ ಬೀಸಬಾರದು. ಮನಸ್ಸಿನಲ್ಲಿ “ಒಂದು, ಎರಡು” ಅನ್ನುವ ತನಕ ಹಚ್ಚಿಡಬೇಕು, ಅಷ್ಟೇ ಹೊತ್ತು ಆರಿಸಿಡಬೇಕು. ಒಂದು ಸುದ್ದಿ ಮುಗಿದ ಮೇಲೆ ಒಂದು ನಿಮಿಷ ಸುಮ್ಮನಿರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಸುದ್ದಿ ಪಡೆದವರು ಮೊದಲು ತಾವು ಎಣಿಸಿದ್ದನ್ನೇ ತಿರುಗಿ ತೋರಿಸಬೇಕು. ಕಳಿಸಿದವರು ಅದು ಬರೋಬ್ಬರಿ ಇದ್ದರೆ ಮೂರು ಸಲ ತೋರಿಸಬೇಕು, ತಪ್ಪಿದ್ದರೆ ಮೊದಲಿನಿಂದ ಕಳಿಸಬೇಕು. ನಮ್ಮ ಸಂಘದಾಗ ತೂಕ ಮಾಡುವಾಗ ಹಮಾಲರು ಒಂದು ಸಲ ಕೂಗುತ್ತಾರೆ, ಗುಮಾಸ್ತರು ಅದನ್ನೇ ತಿರುಗಿ ಕೂಗಿ ಬರೆಯುತ್ತಾರೆ. ಆ ತಿರುಗಿ ಕೂಗುವದರಿಂದಲೇ ಲೆಕ್ಕ ಕೆಡುವದಿಲ್ಲ. ರೈಲಿನಲ್ಲಿಯೂ ಹಾಗೇ. ಗಾಣಗಾಪುರ ರೋಡ್ ಸ್ಟೇಶನ್ನಿನಲ್ಲಿ ರಾತ್ರಿ ನಿಂತು ನೋಡ್ರಿ. ಹಿಂದಿನ ಡಬ್ಬಿಯ ಗಾರ್ಡ್ ಹಸಿರು ದೀಪ ತೋರಿಸುತ್ತಾರೆ, ಮುಂದಿನ ಎಂಜಿನ್ನಿನವರೂ ಹಸಿರು ದೀಪ ತೋರಿಸಿ ಉತ್ತರ ಕೊಡುತ್ತಾರೆ. ಉತ್ತರ ಬಂದಾಗಲೇ ಸುದ್ದಿ ಪೂರ್ತಿ ಆಗುತ್ತದೆ.

ಕೆಲವು ಎಚ್ಚರಿಕೆಗಳನ್ನು ಹೇಳದೆ ಹೋದರೆ ನನ್ನ ಮಾತು ಅರ್ಧ ಆದೀತು. ಬಣವಿ, ದನದ ಕೊಟ್ಟಿಗೆ, ಒಣಗಿದ ರವದಿಯ ಹತ್ತಿರ ಬೆಂಕಿಯ ದೀಪ ಹಚ್ಚಬಾರದು. ಗುಡುಗು ಮಿಂಚು ಇದ್ದಾಗ ಹುಡೆ, ಮಾಳಗಿ, ಎತ್ತರದ ದಿಬ್ಬ ಏರಲೇಬಾರದು. ಕರೆಂಟಿನ ಕಂಬ ಯಾವಾಗಲೂ ಏರಬಾರದು. ರಸ್ತೆಯ ಮೇಲೆ ಹೋಗುವ ಬಸ್ಸು, ಮೋಟರ್ ಸೈಕಲ್ಲಿನವರ ಕಣ್ಣಿಗೆ ಕನ್ನಡಿ ಹಿಡಿಯಬಾರದು. ಜಾತ್ರಿಯಲ್ಲಿ ಸಿಗುವ ಹಸಿರು ಲೇಸರ್ ಬ್ಯಾಟ್ರಿಯನ್ನು ಈ ಕೆಲಸಕ್ಕೆ ತರಲೇಬೇಡ್ರಿ. ಕಣ್ಣಿಗೆ ಅಪಾಯ. 2019ರಿಂದ ಕಲಬುರಗಿಗೆ ವಿಮಾನ ನಿಲ್ದಾಣ ಆಗಿದೆ. ವಿಮಾನ ನಡೆಸುವವರ ಕಣ್ಣಿಗೆ ಲೇಸರ್ ಬಿದ್ದರೆ ನೂರಾರು ಜನರ ಜೀವದ ಪ್ರಶ್ನೆ. ಇನ್ನೊಂದು ಮಾತು: ಆರು ಸಲದ ಗುರುತನ್ನು ತಮಾಷೆಗೆ ತೋರಿಸಿದರೆ ಖರೆ ಅಪಾಯ ಬಂದ ದಿವಸ ಯಾರೂ ನಂಬುವದಿಲ್ಲ. ಹುಡುಗರಿಗೆ ಇದನ್ನು ತಂದೆತಾಯಿ ತಿಳಿಸಿ ಹೇಳಬೇಕು.

ಫೋನು ಇದ್ದಾಗ ಫೋನೇ ಮೊದಲು. 112ಕ್ಕೆ ಅಥವಾ ಜಿಲ್ಲೆಯ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಬೇಕು. ತಹಶೀಲ್ದಾರ ಕಚೇರಿಗೆ, ಪಂಚಾಯತಿಗೆ ಸುದ್ದಿ ಕೊಡಬೇಕು. ದೀಪ ಇರುವದು ಆ ದಾರಿಗಳೆಲ್ಲ ಮುಚ್ಚಿದಾಗ. ಆಚಿ ದಂಡಿಗೆ ಫೋನು ನಡೆಯುತ್ತಿದ್ದು ಈಚಿ ದಂಡಿಗೆ ನಿಂತಿದ್ದರೆ, ನಮ್ಮ ಐದು ಮಿಣುಕನ್ನು ನೋಡಿದ ಆಚಿಯವರು ನಮ್ಮ ಪರವಾಗಿ ಕರೆ ಮಾಡಬಹುದು. ಅಷ್ಟಾದರೂ ಒಂದು ಜೀವ ಉಳಿಯಬಹುದು.

ಇದೆಲ್ಲ ಸಹಕಾರ ಸಂಘದ ಬೆಳ್ಳಿಹಬ್ಬದಾಗ ಯಾಕೆ ಹೇಳುತ್ತಿದ್ದೀನಿ ಅಂದರೆ, ಈ ಕೆಲಸ ಒಬ್ಬರಿಂದ ಆಗುವದಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದರು. ಒಬ್ಬನ ಕೈಯಿಂದ ಆಗದ್ದು ನಾಲ್ಕು ಮಂದಿ ಮೊದಲೇ ಕೂತು ಕರಾರು ಮಾಡಿಕೊಂಡು, ಆ ಕರಾರಿಗೆ ನಿಂತರೆ ಆಗುತ್ತದೆ ಎಂಬುದೇ ಸಹಕಾರದ ಬುನಾದಿ. ದೀಪದ ಸುದ್ದಿಯೂ ಅಷ್ಟೇ. ನಾನೊಬ್ಬನೇ ನೂರು ಬ್ಯಾಟ್ರಿ ಕೊಂಡರೂ ಆಚಿ ದಂಡಿಗೆ ನೋಡುವವರು ಇಲ್ಲದಿದ್ದರೆ ಏನು ಉಪಯೋಗ? ಶೇರು ಹಣ ಕೊಟ್ಟು ಸದಸ್ಯರಾಗಿದ್ದೇವೆ. ನೋಡುವ ಪಾಳಿಗೂ ಸದಸ್ಯರಾಗೋಣ.

ಅದಕ್ಕೆ ನನ್ನ ಸೂಚನೆ ಇಷ್ಟೇ. ಒಂದು, ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಈ ಎಣಿಕೆಯ ಕರಾರನ್ನು ಠರಾವು ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯೋಣ. ಆಚಿ ದಂಡಿಯ ಊರುಗಳ ಸಂಘದವರಿಗೂ, ಪಂಚಾಯತಿಯವರಿಗೂ ಅದರ ಪ್ರತಿ ಕಳಿಸೋಣ. ಎರಡು, ಆ ಆರು ಗುರುತುಗಳನ್ನು ಸಂಘದ ಗೋಡೆಯ ಮೇಲೆ, ಸಾಲಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸೋಣ. ಓದಲಿಕ್ಕೆ ಬಾರದವರಿಗಾಗಿ ಮಗ್ಗಲಿಗೆ ಅಷ್ಟಷ್ಟೇ ದೀಪದ ಚಿತ್ರ ಬಿಡಿಸೋಣ. ಮೂರು, ಸಂಘದಲ್ಲಿ ಒಂದು ಪೆಟ್ಟಿಗೆ ಇಡೋಣ. ಅದರೊಳಗ ಎರಡು ಬ್ಯಾಟ್ರಿ, ಹೊಸ ಸೆಲ್ಲು, ಎರಡು ಕನ್ನಡಿ, ಒಂದು ಕಂದೀಲು, ಕಡ್ಡಿಪೆಟ್ಟಿಗೆ ಇರಲಿ. ಇದಕ್ಕೆ ಬರುವ ಖರ್ಚು ಒಂದು ಚೀಲ ಗೊಬ್ಬರದ ಬೆಲೆಗಿಂತ ಬಾಳ ಆಗಲಿಕ್ಕಿಲ್ಲ. ನಾಲ್ಕು, ಹೊಳಿ ಏರುವ ಸುದ್ದಿ ಬಂದ ದಿವಸದಿಂದ ರಾತ್ರಿ ಎಂಟಕ್ಕೆ, ಹತ್ತಕ್ಕೆ, ಬೆಳಗಿನ ಐದಕ್ಕೆ ಇಬ್ಬಿಬ್ಬರು ಪಾಳಿಯ ಮೇಲೆ ಗೋದಾಮಿನ ಮಾಳಗಿಯಿಂದ ಆಚಿ ದಂಡಿ ನೋಡಬೇಕು. ರಾತ್ರಿಯಿಡೀ ಎಲ್ಲರೂ ಕಾಯುವದು ಆಗುವದಿಲ್ಲ. ಗೊತ್ತು ಮಾಡಿದ ವ್ಯಾಳ್ಯಾಕ್ಕೆ ಎರಡೂ ಕಡೆಯವರು ನೋಡಿದರೆ ಸಾಕು.

ಐದನೇದು, ವರ್ಷಕ್ಕೊಂದು ಸಲ ಇದನ್ನು ಮಾಡಿ ನೋಡಬೇಕು. ಬಳಸದ ಕುಡಗೋಲಿಗೆ ತುಕ್ಕು ಹಿಡಿಯುತ್ತದೆ. ಮಣ್ಣೆತ್ತಿನ ಅಮಾವಾಸ್ಯೆ ಇದಕ್ಕೆ ಚಲೋ ದಿವಸ. ಅಮಾವಾಸ್ಯೆಯಾದ್ದರಿಂದ ಕತ್ತಲು ಇರುತ್ತದೆ, ದೀಪ ಸ್ವಚ್ಛ ಕಾಣುತ್ತದೆ. ಮಳೆಗಾಲ ಆಗಷ್ಟೇ ಸುರುವಾಗಿರುತ್ತದೆ, ಹೊಳಿ ಇನ್ನೂ ತುಂಬಿರುವದಿಲ್ಲ. ಮಕ್ಕಳು ಎತ್ತಿನ ಪೂಜೆ ಮುಗಿಸಿ ಸಂಭ್ರಮದಲ್ಲಿ ಇರುತ್ತಾರೆ. ಅವತ್ತು ರಾತ್ರಿ ಎಂಟಕ್ಕೆ ಈಚಿ ದಂಡಿಯ ಎಲ್ಲ ಊರುಗಳಿಂದ ಒಂದು ಸಲ ಬೆಳಕು ತೋರಿಸೋಣ. ಆಚಿಯವರು ಅದನ್ನೇ ತಿರುಗಿ ತೋರಿಸಲಿ, ನಾವು ಮೂರು ತೋರಿಸೋಣ. ಆಮೇಲೆ ಎರಡೂ ಕಡೆಯವರು “ಕ್ಷೇಮ” ಎಂದು ಎರಡೆರಡು ಸಲ ತೋರಿಸೋಣ. ಹದಿನೈದು ನಿಮಿಷದ ಕೆಲಸ. ಅದರಿಂದ ಯಾವ ಊರಿನ ಬೆಳಕು ಯಾವ ಊರಿಗೆ ಕಾಣುತ್ತದೆ, ಎಲ್ಲಿ ಗಿಡ ಅಡ್ಡ ಬರುತ್ತದೆ, ಯಾರ ಬ್ಯಾಟ್ರಿ ಕೆಟ್ಟಿದೆ ಎಂಬುದು ಮಹಾಪೂರಕ್ಕಿಂತ ಮುಂಚೆ ಗೊತ್ತಾಗುತ್ತದೆ. ನೇರ ಕಾಣದ ಊರುಗಳಿಗೆ ನಡುವಿನ ಊರಿನವರು ಸುದ್ದಿ ದಾಟಿಸಬಹುದು. ಹೊಳಿಯಿಂದ ದೂರದ ಆಳಂದದ ಕಡೆಯ ಬಂಧುಗಳು ಅಮರ್ಜಾ ದಂಡೆಯ ಊರುಗಳಲ್ಲಿ ಇದನ್ನೇ ಮಾಡಬಹುದು.

ಮಹಾಪೂರ ಬಾರದಿರಲಿ ಎಂದೇ ನಾವೆಲ್ಲ ದೇವರಲ್ಲಿ ಬೇಡಿಕೊಳ್ಳೋಣ. ಬಂದರೆ ಮಾತ್ರ ನಮ್ಮ ಊರಿನ ಯಾವ ತಾಯಿಯೂ ಆಚಿ ದಂಡಿಯ ಬೆಳಕು ನೋಡಿ ಅದರ ಅರ್ಥ ತಿಳಿಯದೆ ಕೂಡಬಾರದು. ಇಪ್ಪತ್ತೈದು ವರ್ಷ ಈ ಸಂಘ ನಮ್ಮ ಕಷ್ಟಕ್ಕೆ ಸಾಲ ಕೊಟ್ಟಿದೆ, ಬೀಜ ಗೊಬ್ಬರ ಕೊಟ್ಟಿದೆ. ಇಪ್ಪತ್ತಾರನೇ ವರ್ಷಕ್ಕೆ ಒಬ್ಬರ ದೀಪ ಇನ್ನೊಬ್ಬರು ನೋಡುವ ಈ ಒಂದು ಕರಾರನ್ನೂ ಕೊಡಲಿ ಎಂದು ಆಡಳಿತ ಮಂಡಳಿಯವರಲ್ಲಿ, ಸದಸ್ಯ ಬಂಧುಗಳಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ. ಪಾಳಿಯ ಪಟ್ಟಿಯಲ್ಲಿ ಹೆಸರು ಬರೆಸುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಹತ್ತಿರ ಬರಬೇಕು. ಮೊದಲನೇ ಹೆ‌ಸರು ನನ್ನದು ಬರೆದುಕೊಳ್ಳಲಿ.



ಜೈ ಹಿಂದ್. ಜೈ ಕರ್ನಾಟಕ. ಜೈ ಸಹಕಾರ.